ಏಳು ಡಿಗ್ರಿ ನೀರು, ಎರಡು ಬೆರಳು ಜಿಪ್

ಬೇಸಿಗೆಯ ಲೇಕ್ ಸಮಾಮಿಶ್ ನನ್ನಂಥ ವಾಟರ್ ಸ್ಕೀಯವರಿಗಲ್ಲ. ಸಿಯಾಟಲ್‌ನ ಪೂರ್ವಕ್ಕೆ, ರೆಡ್ಮಂಡ್ ಮತ್ತು ಇಸಕ್ವಾ ನಡುವೆ ಉದ್ದಕ್ಕೆ ಮಲಗಿರುವ ಈ ಕೆರೆಯಲ್ಲಿ ಜುಲೈ ಬಂತೆಂದರೆ ಬೆಳಿಗ್ಗೆ ಒಂಬತ್ತಕ್ಕೇ ಸಂತೆ. ಬೇಕೆಂದೇ ದೊಡ್ಡ ಅಲೆ ಎಬ್ಬಿಸುವ ವೇಕ್‌ಸರ್ಫ್ ಬೋಟುಗಳು ಬಂದಮೇಲಂತೂ ನೀರು ಸುಮ್ಮನಾಗುವುದೇ ಇಲ್ಲ. ಬೋಟು ಎಳೆಯುವ ಹಗ್ಗ ಹಿಡಿದು, ಒಂಟಿ ಸ್ಕೀ ಹಲಗೆ ಮೇಲೆ ನಿಂತು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಅದು ಮಳೆಗಾಲ ಕಳೆದ ಮೇಲಿನ ಘಾಟಿ ರಸ್ತೆ. ಅದೇ ಕೆರೆ ಡಿಸೆಂಬರ್‌ನಲ್ಲಿ, ಗಾಳಿ ನಿಂತ ಬೆಳಿಗ್ಗೆ, ಎಣ್ಣೆ ಸವರಿದ ದೋಸೆ ಕಾವಲಿಯ ಹಾಗಿರುತ್ತದೆ. ನಾಮದ ಕೋಳಿಗಳ ಒಂದು ಹಿಂಡು, ನಾವು ಮೂವರು, ಅಷ್ಟೇ.

ವಾಟರ್ ಸ್ಕೀಯಿಂಗ್ ಹುಟ್ಟಿದ್ದು 1922ರಲ್ಲಿ, ಮಿನ್ನೆಸೋಟದ ಲೇಕ್ ಪೆಪಿನ್ ಮೇಲೆ. ರಾಲ್ಫ್ ಸ್ಯಾಮುಯಲ್ಸನ್ ಎಂಬ ಹದಿನೆಂಟರ ಹುಡುಗ ಹಲಗೆಯ ತುದಿಯನ್ನು ಕುದಿನೀರಲ್ಲಿ ಮೆತ್ತಗೆ ಮಾಡಿ ಬಗ್ಗಿಸಿ, ದೋಣಿಯ ಹಿಂದೆ ಎದ್ದು ನಿಂತ. ಆ ಕಡೆಯವರಿಗೆ ಚಳಿಗಾಲದ ಗೊಂದಲವೇ ಇಲ್ಲ. ಕೆರೆ ಹೆಪ್ಪುಗಟ್ಟುತ್ತದೆ, ಸ್ಕೀ ಅಟ್ಟ ಸೇರುತ್ತದೆ. ನಮ್ಮ ಕೆರೆ ಹಾಗಲ್ಲ. ಜನವರಿಯಲ್ಲೂ ನನ್ನ ಥರ್ಮಾಮೀಟರ್ 7 ಡಿಗ್ರಿ ತೋರಿಸುತ್ತದೆ. ನೀರು ನೀರಾಗೇ ಇದೆ ಅಂದಮೇಲೆ ಬಿಡುವುದು ಹೇಗೆ ಅನ್ನುವುದು ನನ್ನ ವಾದ. ಹುಚ್ಚು ಅನ್ನುವುದು ಮನೆಯವಳದು.

ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆ ಜಾತ್ರೆಗೆ ನಸುಕಿನಲ್ಲಿ ತುಂಗೆಯಲ್ಲಿ ಮುಳುಗಿ ಎದ್ದವನು ನಾನು, ಚಳಿ ನನಗೇನು ಮಾಡೀತು ಎಂಬ ಧಿಮಾಕು ಮೊದಲ ವರ್ಷ ಇತ್ತು. ಮೈಗೆ ಅಂಟುವ ರಬ್ಬರ್ ದಿರಿಸು, ವೆಟ್‌ಸೂಟ್, ಹಾಕಿಕೊಂಡೇ ಇಳಿದೆ. ವೆಟ್‌ಸೂಟ್ ಹೆಸರೇ ಹೇಳುವಂತೆ ಒಳಗೆ ಸ್ವಲ್ಪ ನೀರು ಬಿಟ್ಟುಕೊಳ್ಳುತ್ತದೆ, ಆ ನೀರನ್ನು ಮೈ ಬಿಸಿ ಮಾಡಿಕೊಳ್ಳಬೇಕು. ಸುಮ್ಮನೆ ತೇಲುತ್ತಿದ್ದರೆ ಸರಿ. ಸ್ಕೀಯಲ್ಲಿ ಬಿದ್ದಾಗಲೆಲ್ಲ ಬಿಸಿಯಾದ ನೀರು ಹೋಗಿ ಹೊಸ ತಣ್ಣೀರು ನುಗ್ಗುತ್ತದೆ. ಮೊದಲ ಬಾರಿ ಬಿದ್ದಾಗ ಉಸಿರು ಎಳೆದುಕೊಂಡದ್ದು ನಾನಲ್ಲ, ಮೈ ತಾನೇ ಎಳೆದುಕೊಂಡಿತು. ಬಾಯಿ ನೀರಿನ ಮೇಲಿತ್ತು, ಬಚಾವಾದೆ.

ತಣ್ಣೀರಿಗೆ ಬಿದ್ದವರ ಬಗ್ಗೆ ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಹೇಳುವ ಒಂದು ಲೆಕ್ಕವಿದೆ: 1-10-1. ಉಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಹೇಳಿದ ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪಲು ಒಂದು ಗಂಟೆ. ನಮಗೆ ಮುಖ್ಯ ಆ ನಡುವಿನ ಹತ್ತು. ಬೆರಳು ಮಡಚದಿದ್ದರೆ ಹಗ್ಗದ ಹ್ಯಾಂಡಲ್ ಹಿಡಿಯಲಾಗದು, ಬೋಟಿನ ಏಣಿಯನ್ನೂ ಹಿಡಿಯಲಾಗದು. ಲೈಫ್ ಜಾಕೆಟ್ ಇಲ್ಲದೆ ಇಳಿಯುವ ಪ್ರಶ್ನೆಯೇ ಇಲ್ಲ. ಒಬ್ಬರು ಒಮ್ಮೆಗೆ ಎರಡೇ ಸುತ್ತು, ಮಧ್ಯೆ ಎರಡು ಸಲ ಬಿದ್ದರೆ ಆ ದಿನಕ್ಕೆ ಮುಗಿಯಿತು, ಇದು ನಾವೇ ಹಾಕಿಕೊಂಡ ಕಟ್ಟು.

ಆಮೇಲೆ ಡ್ರೈಸೂಟ್ ಕೊಂಡೆ, ಅಂದರೆ ಒಳಗೆ ನೀರೇ ಬಿಡದ ಸೂಟ್. ನೋಡಲು ಗೋಣಿಚೀಲ, ಕತ್ತು ಮತ್ತು ಮಣಿಕಟ್ಟಿಗೆ ನೀರು ತಡೆಯುವ ತೆಳು ಲ್ಯಾಟೆಕ್ಸ್ ರಬ್ಬರ್ ಪಟ್ಟಿ. ಬಿಸಿ ಕೊಡುವುದು ಸೂಟ್ ಅಲ್ಲ, ಒಳಗೆ ಹಾಕಿದ ಬಟ್ಟೆ. ಉಣ್ಣೆ ಅಥವಾ ಫ್ಲೀಸ್ ಆಗಬೇಕು. ಹತ್ತಿ ಬನಿಯನ್ ಬೆವರಿಗೇ ಒದ್ದೆಯಾಗಿ ಮೈಗೆ ಅಂಟಿ ಕೂರುತ್ತದೆ. ಹೊಸ ಕತ್ತಿನ ಪಟ್ಟಿ ಕುತ್ತಿಗೆ ಹಿಸುಕುವಷ್ಟು ಬಿಗಿ. ಅದನ್ನು ಕತ್ತರಿಯಲ್ಲಿ ಸುತ್ತ ಒಂದೊಂದು ಗೆರೆಯಷ್ಟೇ ಕತ್ತರಿಸುತ್ತ ಹೋಗಬೇಕು, ಅವಸರ ಮಾಡಿದರೆ ಕಾಸು ನೀರಿಗೆ. ಹಾಕುವ ಮುಂಚೆ ಟಾಲ್ಕಂ ಪೌಡರ್ ಸವರುತ್ತೇನೆ. ಚರ್ಮ ಒಡೆಯುತ್ತದೆಂದು ಕುತ್ತಿಗೆಗೆ ವ್ಯಾಸಲಿನ್ ಹಚ್ಚಿದಿರೋ, ಆ ಲ್ಯಾಟೆಕ್ಸ್ ಕೆಲವೇ ದಿನದಲ್ಲಿ ಅಂಟಂಟಾಗಿ ಕೆಡುತ್ತದೆ. ನಾನು ಒಂದು ಪಟ್ಟಿ ಹೀಗೇ ಕಳೆದೆ.

ಇನ್ನು ಜಿಪ್ಪಿನ ಕತೆ. ನನ್ನ ಸೂಟಿನ ಜಿಪ್ ಭುಜದಿಂದ ಭುಜಕ್ಕೆ, ಬೆನ್ನ ಮೇಲೆ. ಸ್ವಂತ ಕೈಗೆ ಎಟುಕುವುದಿಲ್ಲ, ಇನ್ನೊಬ್ಬರು ಎಳೆಯಬೇಕು. ಒಂದು ಹೊಸ ವರ್ಷದ ಬೆಳಿಗ್ಗೆ ಹಾಸನದ ಗೆಳೆಯ ಎಳೆದ, ಆಯ್ತು ಅಂದ, ಬೆನ್ನು ತಟ್ಟಿದ. ಆಗಿರಲಿಲ್ಲ. ತುದಿಯಲ್ಲಿ ಎರಡು ಬೆರಳಷ್ಟು ಬಾಯಿ ಬಿಟ್ಟಿತ್ತು. ನೀರಿಗಿಳಿದಾಗ ಏನೂ ಗೊತ್ತಾಗಲಿಲ್ಲ, ಎದ್ದು ನಿಂತೆ, ಎಡಕ್ಕೆ ಬಲಕ್ಕೆ ನಾಲ್ಕು ಸಲ ನೀರು ಸೀಳಿ ತಿರುಗಿದೆ, ಐದನೆಯದಕ್ಕೆ ಬೆನ್ನು ಅಡಿಯಾಗಿ ಬಿದ್ದೆ. ಆಗ ಬೆನ್ನಹುರಿ ಗುಂಟ ಒಂದು ತಣ್ಣನೆಯ ದಾರ ಇಳಿಯಿತು. ದಾರ ಹಗ್ಗವಾಯಿತು. ಬೋಟು ತಿರುಗಿ ಬರುವಷ್ಟರಲ್ಲಿ ಎರಡೂ ಕಾಲು ಬಿಂದಿಗೆಯಾಗಿದ್ದವು. ಹಿಂದಿನ ಪ್ಲಾಟ್‌ಫಾರಂ ಮೇಲೆ ನನ್ನನ್ನು ಎಳೆದುಹಾಕಿಕೊಳ್ಳಲು ಇಬ್ಬರಿಗೂ ಆಗಲಿಲ್ಲ. ನಾನೇ ಹೊಟ್ಟೆಯ ಮೇಲೆ ಅರ್ಧ ಹತ್ತಿ, ಕಾಲು ಮೇಲೆತ್ತಿ, ನೀರು ಕತ್ತಿನಿಂದ ಬಸಿದುಹೋಗುವವರೆಗೆ ಕಾದೆ. ಗೆಳೆಯನ ಮೇಲೆ ಕೂಗಾಡಲಿಕ್ಕೂ ಹಲ್ಲು ಕೂಡುತ್ತಿರಲಿಲ್ಲ. ಈಗ ಜಿಪ್ ಹಾಕಿದವನು ಅದರ ತುದಿಯ ಫೋಟೋ ತೆಗೆದು ನನಗೆ ತೋರಿಸಬೇಕು. ಜಿಪ್ಪಿಗೆ ತಿಂಗಳಿಗೊಮ್ಮೆ ಮೇಣ ತಿಕ್ಕುತ್ತೇನೆ.

ಜಿಪ್ ಸರಿಯಿದ್ದರೂ ಒಂದು ಕೆಲಸ ಬಾಕಿ: ಒಳಗಿನ ಗಾಳಿ ಹೊರಹಾಕಬೇಕು. ದಂಡೆಯಲ್ಲೇ ಕುಕ್ಕರಗಾಲಲ್ಲಿ ಕೂತು ಮೊಣಕಾಲನ್ನು ಎದೆಗೆ ಅವುಚಿಕೊಂಡು, ಕತ್ತಿನ ಪಟ್ಟಿಯನ್ನು ಬೆರಳಲ್ಲಿ ತುಸು ಬಿಡಿಸಿದರೆ ಗಾಳಿ ಪುಸ್ಸೆಂದು ಹೋಗುತ್ತದೆ. ಮರೆತರೆ ಆ ಗಾಳಿಯೆಲ್ಲ ನೀರಿನಲ್ಲಿ ಕಾಲಿಗೆ ಸೇರಿ, ಕಾಲು ಮೇಲೆ ತಲೆ ಕೆಳಗೆ. ನೋಡುವವರಿಗೆ ತಮಾಷೆ.

ಕೈಕಾಲಿನದು ಬೇರೆಯೇ ಪಾಡು. ಚಳಿಗೆ ಸ್ಕೀಯ ಮೇಲೆ ಪಾದ ತೂರಿಸುವ ರಬ್ಬರ್ ಬೈಂಡಿಂಗ್ ಒಣಗಿದ ಚಪ್ಪಲಿಯಂತೆ ಸೆಟೆದಿರುತ್ತದೆ, ಪಾದ ಒಳಗೆ ಹೋಗುವುದಿಲ್ಲ. ಇದಕ್ಕೆ ನಾನು ಕಂಡುಕೊಂಡದ್ದು ಊರಿನ ಬಚ್ಚಲುಮನೆಯ ಹಂಡೆ. ಅಂದರೆ, ಬೇಸಿಗೆಯಲ್ಲಿ ಐಸ್ ತುಂಬುವ ಕೂಲರ್ ಡಬ್ಬಿಗೆ ಮನೆಯಿಂದ ಬಿಸಿನೀರು ತುಂಬಿ ತರುವುದು. ಎರಡು ತಾಸು ಬಿಸಿ ಆರುವುದಿಲ್ಲ. ಒಂದು ಚೊಂಬು ಬೈಂಡಿಂಗ್‌ಗೆ, ಜೊತೆಗೆ ಪಾತ್ರೆ ತೊಳೆಯುವ ಸೋಪು, ಕಾಲು ಜಾರಿ ಒಳಗೆ. ಇನ್ನೊಂದು ಚೊಂಬು ಕೈಗವಸಿಗೆ. ತಲೆಗೆ ನಿಯೋಪ್ರೀನ್ ಹುಡ್, ನಮ್ಮ ಮಂಕಿ ಟೋಪಿಯ ದೊಡ್ಡಪ್ಪನ ಮಗ.

ಎದ್ದು ನಿಂತಮೇಲೆ ನೀರಿನ ವ್ಯತ್ಯಾಸ ಪಾದಕ್ಕೆ ಗೊತ್ತಾಗುತ್ತದೆ. 5 ಡಿಗ್ರಿಯ ನೀರು 25 ಡಿಗ್ರಿಯ ನೀರಿಗಿಂತ ಸುಮಾರು 70 ಪ್ರತಿಶತ ಹೆಚ್ಚು ಸ್ನಿಗ್ಧ, ಅಂದರೆ ಮಂದ. ಅದೇ ಕಾರಣವೋ ನನ್ನ ಭ್ರಮೆಯೋ, ಸ್ಕೀ ಒಂದು ಬೆರಳು ಮೇಲೆ ಕೂತಂತೆ, ತಿರುವಿನಲ್ಲಿ ಬೇಗ ಕಚ್ಚಿದಂತೆ ಅನ್ನಿಸುತ್ತದೆ. ನಾನು ವೇಗವನ್ನು ಗಂಟೆಗೆ ಮೂರು ಕಿಲೋಮೀಟರ್ ಇಳಿಸುತ್ತೇನೆ. ಸೂಟಿನ ಭಾರಕ್ಕೆ ತೋಳು ಬೇಗ ಸೋಲುತ್ತದೆ, ಮತ್ತೆ ಬೇಸಿಗೆಯ ವೇಗದ ಹಟ ಇಲ್ಲಿ ಬೇಡ. ನಾನು ಹೆಚ್ಚು ಹೆದರುವುದು ಮರದ ದಿಮ್ಮಿಗಳಿಗೆ. ನವೆಂಬರ್ ಮಳೆಗೆ ಇಸಕ್ವಾ ಹೊಳೆ ಕೊಂಬೆರೆಂಬೆ ಎಲ್ಲ ತಂದು ಕೆರೆಗೆ ಸುರಿಯುತ್ತದೆ, ಕೆಲವು ದಿಮ್ಮಿ ನೀರಿನ ಮಟ್ಟಕ್ಕೇ ಕಣ್ಣುಮುಚ್ಚಾಲೆ ಆಡುತ್ತವೆ. ಸ್ಕೀ ಇಳಿಸುವ ಮುಂಚೆ ಹೋಗುವ ದಾರಿಯನ್ನು ಬೋಟಿನಲ್ಲಿ ನಿಧಾನಕ್ಕೆ ಒಮ್ಮೆ ಹೋಗಿ ಬರುತ್ತೇವೆ.

ನಿಜವಾಗಿ ಚಳಿ ತಿನ್ನುವವರು ಬೋಟಿನಲ್ಲಿರುವ ಇಬ್ಬರು. ಸ್ಕೀ ಮಾಡುವವನು ಬೆವರುತ್ತಾನೆ. 3 ಡಿಗ್ರಿ ಗಾಳಿಯಲ್ಲಿ 50 ಕಿಲೋಮೀಟರ್ ವೇಗಕ್ಕೆ ಕೂತವರ ಮುಖಕ್ಕೆ ಅದು ಮೈನಸ್ 4. ಒಬ್ಬ ಓಡಿಸಬೇಕು, ಇನ್ನೊಬ್ಬ ಹಿಂದಕ್ಕೆ ನೋಡುತ್ತ ಕೂರಬೇಕು, ಸ್ಕೀಯವನು ಬಿದ್ದರೆ ಕೆಂಪು ಅಥವಾ ಕಿತ್ತಳೆ ಬಾವುಟ ಎತ್ತಬೇಕು. ವಾಷಿಂಗ್ಟನ್ ರಾಜ್ಯದ ಕಾನೂನೇ ಹಾಗಿದೆ. ಇಂಥ ಬೆಳಿಗ್ಗೆ ಹಾಸಿಗೆ ಬಿಟ್ಟು ಬರುವ ಮೂರನೆಯವನು ಸಿಗುವುದು ಸೂಟ್ ಸಿಗುವುದಕ್ಕಿಂತ ಕಷ್ಟ. ನಮ್ಮ ಮೂರನೆಯವನಿಗೆ ಸ್ಕೀಯೇ ಬರುವುದಿಲ್ಲ. ಫ್ಲಾಸ್ಕಿನಲ್ಲಿ ನಾನು ತರುವ ಮೆಣಸಿನ ಸಾರಿಗೆ ಬರುತ್ತಾನೆ, ಅದನ್ನು ಬಾಯಿಬಿಟ್ಟು ಹೇಳುತ್ತಾನೆ ಕೂಡ.

ಮನೆಗೆ ಬಂದಮೇಲೆ ಸ್ನಾನಕ್ಕೆ ಓಡುವಂತಿಲ್ಲ. ನಮ್ಮದು ಎಂಜಿನ್ ಒಳಗೇ ಇರುವ ಹಳೆಯ ಇನ್‌ಬೋರ್ಡ್ ಬೋಟು, ಅದನ್ನು ತಣಿಸುವುದು ಕೆರೆಯ ನೀರೇ. ಆ ನೀರು ಒಳಗೇ ಉಳಿದು ರಾತ್ರಿ ಸೊನ್ನೆಗಿಂತ ಕೆಳಗಿಳಿದರೆ, ಹೆಪ್ಪುಗಟ್ಟಿ ಹಿಗ್ಗಿ ಎಂಜಿನ್ನಿನ ಕಬ್ಬಿಣದ ಒಡಲು, ಅಂದರೆ ಬ್ಲಾಕನ್ನೇ ಸೀಳುತ್ತದೆ. ಹಾಗಾಗಿ ಪ್ರತಿ ಸಲವೂ ಬ್ಲಾಕಿನ ಎರಡು, ಹೊಗೆ ಹೋಗುವ ಮ್ಯಾನಿಫೋಲ್ಡಿನ ಎರಡು ಹಿತ್ತಾಳೆ ಬಿರಡೆ ಬಿಚ್ಚಿ, ಪಂಪಿನ ಪೈಪ್ ಕಳಚಿ ಬಸಿಯಬೇಕು. ತೂತಿನಲ್ಲಿ ಕಸ ಕಟ್ಟಿದ್ದರೆ ನೀರು ಬರದೆ ಖಾಲಿಯಾದಂತೆ ಕಾಣುತ್ತದೆ, ಅದಕ್ಕೆ ತಂತಿ ಹಾಕಿ ಚುಚ್ಚುತ್ತೇನೆ. ಬಿರಡೆಗಳನ್ನು ಸ್ಟೀಲ್ ಲೋಟಕ್ಕೆ ಹಾಕಿ, ಬೋಟಿನ ಕೀಲಿಯನ್ನೂ ಅದರಲ್ಲೇ ಇಡುತ್ತೇನೆ. ಮುಂದಿನ ಶನಿವಾರ ಕೀಲಿ ಬೇಕಾದರೆ ಬಿರಡೆ ಕಣ್ಣಿಗೆ ಬೀಳಲೇಬೇಕು. ಕಳೆದ ವಾರ ಲೋಟದಲ್ಲಿ ಮೂರೇ ಇದ್ದವು. ನಾಲ್ಕನೆಯದನ್ನು ಟಾರ್ಚ್ ಹಿಡಿದು ಗ್ಯಾರೇಜೆಲ್ಲ ಹುಡುಕಿದೆ. ಒಳಗಿನಿಂದ ಕೂಗು ಕೇಳಿತು: "ಸ್ವೆಟರ್ ಜೇಬಿನಲ್ಲಿ ಇದೇನು ಕಬ್ಬಿಣ, ವಾಷಿಂಗ್ ಮೆಶಿನ್‌ನಲ್ಲಿ ಗಡಗಡ ಅಂತಿದೆ?" ಕಬ್ಬಿಣ ಅಲ್ಲ, ಹಿತ್ತಾಳೆ ಅಂದೆ.