ಹೆಂಡತಿಯ ಹೆಸರಿಗೆ ಅಂಟಿಕೊಂಡ 'ದೇವಿ' ಮತ್ತು ನನ್ನ ಪಿಂಚಣಿ

2023ರ ಜೂನ್ 30ರ ಸಂಜೆ ಸಮವಸ್ತ್ರ ಬಿಚ್ಚಿಟ್ಟೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಯೊಂದರಲ್ಲಿ 38 ವರ್ಷ. 1985ರಲ್ಲಿ ಕಾನ್‌ಸ್ಟೇಬಲ್ ಆಗಿ ಸೇರಿ ಎಎಸ್‌ಐ ಆಗಿ ಹೊರಬಂದೆ. ನಾನು 57ಕ್ಕೇ ಮನೆಗೆ ಹೊರಡುವ ಲೆಕ್ಕ ಹಾಕಿಕೊಂಡಿದ್ದವನು. 2019ರ ಆಗಸ್ಟ್‌ನಲ್ಲಿ ಗೃಹ ಸಚಿವಾಲಯ ಎಲ್ಲ ರ‍್ಯಾಂಕಿನವರಿಗೂ 60 ಎಂದು ಆದೇಶ ಮಾಡಿತು. ಹಾಗೆ ಸಿಕ್ಕಿದ ಮೂರು ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಒಂದೇ. ನನ್ನ ಸರ್ವಿಸ್ ಬುಕ್, ಅಂದರೆ ನೌಕರಿಯ ಪೂರ್ತಿ ದಾಖಲೆ ಇರುವ ಪುಸ್ತಕ, ಓದಿದೆ.

ನಗಬೇಡಿ. ನಮ್ಮಲ್ಲಿ ಬಹಳ ಜನ ಅದನ್ನು ಓದುವುದೇ ಇಲ್ಲ. ವರ್ಷಕ್ಕೊಮ್ಮೆ ಕಚೇರಿಯ ಗುಮಾಸ್ತ, ನಮ್ಮ ಮಾತಿನಲ್ಲಿ ಬಾಬು, ಮುಂದೆ ಹಿಡಿಯುತ್ತಾನೆ, ಬೆರಳು ತೋರಿಸಿದಲ್ಲಿ ಸಹಿ ಹಾಕುತ್ತೇವೆ, ಡ್ಯೂಟಿಗೆ ಓಡುತ್ತೇವೆ. ನಿವೃತ್ತಿಗೆ 5 ವರ್ಷ ಇರುವಾಗ ಪಿಂಚಣಿಯ ಲೆಕ್ಕಕ್ಕೆ ಬರುವ ಸೇವೆಯನ್ನು ಪರಿಶೀಲಿಸಿ ಕಚೇರಿಯೇ ಪ್ರಮಾಣಪತ್ರ ಕೊಡಬೇಕು ಎಂಬ ನಿಯಮವಿದೆ. ನನಗೆ ಯಾರೂ ಕೊಡಲಿಲ್ಲ, ನಾನೂ ಕೇಳಿರಲಿಲ್ಲ. ಕೊನೆಗೆ ಅರ್ಜಿ ಬರೆದು, ಒಂದು ಮಧ್ಯಾಹ್ನ ಕುಳಿತು ಮೊದಲ ಪುಟದಿಂದ ಓದಿದೆ.

ಮೊದಲು ಕಣ್ಣಿಗೆ ಬಿದ್ದದ್ದು ಹೆಂಡತಿಯ ಹೆಸರು. ಮದುವೆಯಾದ ಹೊಸದರಲ್ಲಿ ಹಿಂದಿಯ ಬಾಬು ಬರೆದುಕೊಂಡದ್ದು. ಅವಳ ಹೆಸರಿನ ಕೊನೆಯ 'ಅಮ್ಮ' ಅವನಿಗೆ ಹೆಸರಿನ ಭಾಗ ಅನ್ನಿಸಿಲ್ಲ. ಅದನ್ನು ಕಿತ್ತು 'ದೇವಿ' ಅಂಟಿಸಿದ್ದ. ಅವನ ಊರಿನಲ್ಲಿ ಹೆಂಗಸರೆಲ್ಲ ದೇವಿಯರೇ ಇರಬೇಕು! ಆಧಾರ್‌ನಲ್ಲಿ ಒಂದು ಹೆಸರು, ಸರ್ವಿಸ್ ಬುಕ್‌ನಲ್ಲಿ ಇನ್ನೊಂದು. ನಾನು ಬದುಕಿರುವವರೆಗೂ ಇದರಿಂದ ಏನೂ ಆಗುವುದಿಲ್ಲ. ನಾನು ಹೋದ ಮೇಲೆ ಕುಟುಂಬ ಪಿಂಚಣಿ ಕೇಳಲು ಅವಳು ಬ್ಯಾಂಕಿಗೆ ಹೋದಾಗ, ಆ ದೇವಿ ಯಾರು ಎಂದು ಕೇಳುತ್ತಾರೆ. ಅಫಿಡವಿಟ್, ಆಧಾರ್ ಪ್ರತಿ, ಇಬ್ಬರ ಜಂಟಿ ಫೋಟೊ ಎಲ್ಲ ಕೊಟ್ಟೆ. ತಿದ್ದುಪಡಿ ಆಗಿ ಬರಲು ಏಳು ತಿಂಗಳು ಹಿಡಿಯಿತು.

ಜಿಪಿಎಫ್ (ಸರ್ಕಾರಿ ನೌಕರರ ಭವಿಷ್ಯ ನಿಧಿ) ನಾಮಿನಿ ಜಾಗದಲ್ಲಿ ಅವ್ವನ ಹೆಸರಿತ್ತು. ಸೇರಿದಾಗ ಮದುವೆಯಾಗಿರಲಿಲ್ಲ, ಸರಿ. ಆದರೆ ಅವ್ವ ತೀರಿಕೊಂಡೇ ಆಗ ಹನ್ನೊಂದು ವರ್ಷ. ಅದನ್ನು ಬದಲಾಯಿಸಲು ಬೇಕಾದದ್ದು ಒಂದು ಫಾರ್ಮ್, ಹತ್ತು ನಿಮಿಷ.

ಮೂರನೆಯದು ರಜೆ. ತುಕಡಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದ ವರ್ಷ ನನ್ನ ಗಳಿಕೆ ರಜೆಯ 41 ದಿನ ಖಾತೆಗೆ ಏರಿರಲೇ ಇಲ್ಲ. ಹಳೆಯ ಆರ್ಡರ್‌ಗಳ ಪ್ರತಿಯನ್ನು ಟ್ರಂಕಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸವಿದ್ದದ್ದಕ್ಕೆ ಬಚಾವಾದೆ. ನಿವೃತ್ತಿಯ ದಿನ 300 ದಿನಗಳವರೆಗಿನ ರಜೆಗೆ ಹಣ ಸಿಗುತ್ತದೆ. ನನ್ನ ಕೊನೆಯ ಬೇಸಿಕ್ 55,200. ಆಗಿನ ಡಿಎ, ಅಂದರೆ ತುಟ್ಟಿಭತ್ಯೆ, 42 ಪರ್ಸೆಂಟ್. ಎರಡೂ ಸೇರಿ 78,384. ಈ ಲೆಕ್ಕದಲ್ಲಿ 41 ದಿನ ಅಂದರೆ ಒಂದು ಲಕ್ಷದ ಏಳು ಸಾವಿರ. ಸುಮ್ನೆ ಬಿಡುವ ದುಡ್ಡಾ ಅದು? ಈ ಹಣಕ್ಕೆ ಸರ್ಕಾರಿ ನೌಕರರಿಗೆ ತೆರಿಗೆಯೂ ಇಲ್ಲ.

ಗ್ರಾಚ್ಯುಟಿಯಲ್ಲಿ ತಲೆಕೆಡಿಸಿಕೊಳ್ಳುವಂಥದ್ದು ಇರಲಿಲ್ಲ. 33 ವರ್ಷ ದಾಟಿದವರಿಗೆ ಬೇಸಿಕ್ ಮತ್ತು ಡಿಎಯ ಹದಿನಾರೂವರೆ ಪಟ್ಟು. ನನಗೆ 12,93,336 ಬಂತು. ಆಗ ಮೇಲ್ಮಿತಿ 20 ಲಕ್ಷ, 2024ರ ಜನವರಿಯಿಂದ 25 ಲಕ್ಷ.

ಪಿಂಚಣಿ ವಿಷಯದಲ್ಲಿ ಮಾತ್ರ ನಮ್ಮವರು ಬೆಚ್ಚಿಬೀಳುತ್ತಾರೆ. ಅರ್ಧ ಸಂಬಳ ಬರುತ್ತದೆ ಅಂದುಕೊಂಡಿರುತ್ತಾರೆ. ಅದು ಬೇಸಿಕ್‌ನ ಅರ್ಧ, ಕೈಗೆ ಬರುವ ಸಂಬಳದ ಅರ್ಧವಲ್ಲ. ಕಾಶ್ಮೀರದಲ್ಲಿ, ನಕ್ಸಲ್ ಕಾಡಿನಲ್ಲಿ ಸಿಗುತ್ತಿದ್ದ ರಿಸ್ಕ್ ಭತ್ಯೆ ಒಂದು ಪೈಸೆಯೂ ಇದರಲ್ಲಿ ಸೇರುವುದಿಲ್ಲ. ನನಗೆ 27,600 ಎಂದು ಗೊತ್ತಾಯಿತು, ಮೇಲೆ ಡಿಆರ್, ಅಂದರೆ ಪಿಂಚಣಿದಾರರ ತುಟ್ಟಿಭತ್ಯೆ.

ಇದರಲ್ಲಿ 40 ಪರ್ಸೆಂಟ್‌ವರೆಗೆ ಮಾರಿ ಇಡಿಗಂಟು ತೆಗೆದುಕೊಳ್ಳಬಹುದು, ಅದೇ ಕಮ್ಯುಟೇಶನ್. ಬ್ಯಾರಕ್‌ನಲ್ಲಿ ಇದರ ಬಗ್ಗೆ ಆಗುವಷ್ಟು ವಾದ ಎಲೆಕ್ಷನ್ ಬಗ್ಗೆಯೂ ಆಗುವುದಿಲ್ಲ. ನನ್ನ ಲೆಕ್ಕ ಹೀಗಿತ್ತು. ತಿಂಗಳಿಗೆ 11,040 ಬಿಟ್ಟುಕೊಟ್ಟರೆ, ಅದರ ಒಂದು ವರ್ಷದ ಮೊತ್ತವನ್ನು 60ಕ್ಕೆ ನಿವೃತ್ತಿಯಾದವನಿಗೆ ಇರುವ 8.194ರ ಗುಣಕದಿಂದ ಗುಣಿಸಿ ಕೈಗೆ 10.85 ಲಕ್ಷ. ಕಡಿತ 15 ವರ್ಷ. ಒಟ್ಟು ಹೋಗುವುದು 19.87 ಲಕ್ಷ. ಡಿಆರ್ ಮಾತ್ರ ಪೂರ್ತಿ 27,600ರ ಮೇಲೆಯೇ ಬರುತ್ತದೆ, ಅದು ಸಮಾಧಾನ. ಇಡಿಗಂಟಿಗೆ ತೆರಿಗೆಯಿಲ್ಲ. ನಾನು ಪೂರ್ತಿ 40 ತೆಗೆದುಕೊಂಡು ಮನೆ ಸಾಲ ತೀರಿಸಿದೆ. ಸಾಲ ಇಲ್ಲದಿದ್ದರೆ ತೆಗೆದುಕೊಳ್ಳುತ್ತಿರಲಿಲ್ಲ. ಬೈಕ್ ಕೊಳ್ಳಲು, ನೆಂಟರಿಗೆ ಕೈಗಡ ಕೊಡಲು ಪಿಂಚಣಿ ಮಾರಿದವರನ್ನು ನೋಡಿದ್ದೇನೆ. ಒಂದು ಮಾತು, ನಿವೃತ್ತಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಮೆಡಿಕಲ್ ಬೇಡ. ಆಮೇಲಾದರೆ ಬೇಕು.

ಇದೆಲ್ಲ ಹಳೆ ಪಿಂಚಣಿಯವರ ಲೆಕ್ಕ. 2004ರ ಜನವರಿ 1ರಿಂದ ಸೇರಿದವರದು ಎನ್‌ಪಿಎಸ್, ಅಂದರೆ ಸಂಬಳದಿಂದ ವಂತಿಗೆ ಕಟ್ಟುವ ಹೊಸ ಪಿಂಚಣಿ ಯೋಜನೆ. ಆದರೆ ನನ್ನ ಜೊತೆಗಿದ್ದ ಒಬ್ಬ ಹುಡುಗ 2004ರಲ್ಲಿ ಸೇರಿದವನು, ಅವನ ಭರ್ತಿಯ ಪ್ರಕಟಣೆ ಹೊರಬಿದ್ದಿದ್ದು 2003ರಲ್ಲಿ. 2003ರ ಡಿಸೆಂಬರ್ 22ಕ್ಕೆ ಮೊದಲು ಪ್ರಕಟವಾದ ಹುದ್ದೆಯವರು ಹಳೆ ಪಿಂಚಣಿಗೆ ಬರಬಹುದು ಎಂದು 2023ರ ಮಾರ್ಚ್‌ನಲ್ಲಿ ಆದೇಶ ಬಂತು, ಆಯ್ಕೆಗೆ ಆಗಸ್ಟ್ 31 ಗಡುವು. ಅವನು ಪ್ರಕಟಣೆಯ ಪೇಪರ್ ಕಟಿಂಗ್ ಹುಡುಕಿ ತಂದು ಅರ್ಜಿ ಹಾಕಿದ. ನಾನು ಹೊರಡುವ ಮುಂಚೆ ಅವನ ಅರ್ಜಿಗೆ ಸ್ವೀಕೃತಿ ಸೀಲ್ ಹಾಕಿಸಿದ ಮೇಲೇ ನನಗೆ ನೆಮ್ಮದಿ.

ನನ್ನದು ಇನ್ನೊಂದು ತಮಾಷೆ. ಜುಲೈ 1ಕ್ಕೆ ಇನ್‌ಕ್ರಿಮೆಂಟ್, ಜೂನ್ 30ಕ್ಕೆ ನಿವೃತ್ತಿ. ಇಡೀ ವರ್ಷ ದುಡಿದು ಒಂದು ದಿನಕ್ಕೆ ತಪ್ಪಿತು. ನಮ್ಮ ಕೆಪಿಟಿಸಿಎಲ್ ನೌಕರರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 11ರಂದು ಆ ಇನ್‌ಕ್ರಿಮೆಂಟ್ ಕೊಡಬೇಕು ಎಂದಿತ್ತು. ಕೇಂದ್ರದ ಆದೇಶ 2024ರ ಅಕ್ಟೋಬರ್‌ನಲ್ಲಿ ಬಂತು. ಪಿಂಚಣಿಗೆ ಮಾತ್ರ, ಗ್ರಾಚ್ಯುಟಿಗೆ ಇಲ್ಲ. ಅರ್ಜಿ ಹಾಕಿದೆ. ಬೇಸಿಕ್ 56,900 ಎಂದು ಹಿಡಿದು ಪಿಂಚಣಿ 28,450 ಆಯಿತು. ತಿಂಗಳಿಗೆ 850, ಅದರ ಮೇಲೆ ಡಿಆರ್.

ಪರಿಷ್ಕೃತ ಆದೇಶ ಅಂಚೆಯಲ್ಲಿ ಬಂದ ದಿನ ನಾನು ಮೊತ್ತ ನೋಡುತ್ತಿದ್ದೆ. ಹೆಂಡತಿ ಕನ್ನಡಕ ಹಾಕಿಕೊಂಡು ಕಾಗದ ಕಸಿದುಕೊಂಡಳು. ತನ್ನ ಹೆಸರಿದ್ದ ಸಾಲನ್ನು ಬೆರಳಿಟ್ಟು ಅಕ್ಷರ ಅಕ್ಷರ ಓದಿದಳು. "ಅಮ್ಮ ಇದೆ ಕಣ್ರೀ," ಎಂದು ಕಾಗದವನ್ನು ತನ್ನ ಬೀರುವಿನಲ್ಲೇ ಇಟ್ಟಳು.