ಹಳೇ ವೀ ಮನೆಗೆ ಬಂದರೆ: ಜೋಡಿಸುವುದು, ಆಡುವುದು, ಭುಜ ಉಳಿಸಿಕೊಳ್ಳುವುದು

ಅಣ್ಣ ಮನೆ ಖಾಲಿ ಮಾಡುವಾಗ ಒಂದು ರಟ್ಟಿನ ಡಬ್ಬ ತಂದು ನನ್ನ ಮುಂದೆ ಇಟ್ಟ. "ಆಡ್ತೀಯಾದ್ರೆ ಇಟ್ಕೋ, ಇಲ್ಲಾಂದ್ರೆ ಯಾರಿಗಾದ್ರೂ ಕೊಟ್ಬಿಡು" ಅಂದ. ಒಳಗೆ ಬಿಳಿ ಬಣ್ಣದ ನಿಂಟೆಂಡೊ ವೀ (ಜಪಾನಿನ ನಿಂಟೆಂಡೊ ಕಂಪನಿಯ, ಟಿವಿಗೆ ಜೋಡಿಸಿ ರಿಮೋಟು ಬೀಸಿ ಆಡುವ ವಿಡಿಯೊ ಗೇಮ್ ಯಂತ್ರ), ನಾಲ್ಕು ರಿಮೋಟು, ಎರಡು ನನ್‌ಚಕ್ (ರಿಮೋಟಿಗೆ ವೈರಿನಿಂದ ಸಿಕ್ಕಿಸಿ ಇನ್ನೊಂದು ಕೈಯಲ್ಲಿ ಹಿಡಿಯುವ ತುಂಡು), ಮತ್ತು ಬಿಡಿಸಲು ಅರ್ಧ ಗಂಟೆ ಬೇಕಾದ ವೈರುಗಳ ಗಂಟು. ಕೊಡಲಿಲ್ಲ, ಇಟ್ಟುಕೊಂಡೆ. ಈಗ ಎರಡು ವರ್ಷವಾಯಿತು. ವಾರಕ್ಕೆ ಎರಡು ಮೂರು ಸಲವಾದರೂ ಅದು ಆನ್ ಆಗುತ್ತದೆ.

2006ರಲ್ಲಿ ಬಂದ ಈ ಯಂತ್ರ 10 ಕೋಟಿಗೂ ಹೆಚ್ಚು ಮಾರಾಟವಾಗಿದೆ. ಅದರಲ್ಲಿ ಎಷ್ಟೋ ಈಗ ಅಟ್ಟದ ಮೇಲೆ ಧೂಳು ತಿನ್ನುತ್ತಿರಬೇಕು. ನಿಮ್ಮ ಕೈಗೂ ಹೀಗೇ ಒಂದು ಬಂದಿದ್ದರೆ, ನಾನು ತಪ್ಪು ಮಾಡಿ ಮಾಡಿ ಕಲಿತದ್ದು ಇಲ್ಲಿದೆ.

ಮೊದಲು ಒಂದು ವಿಷಯ ತಲೆಗೆ ಹಾಕಿಕೊಳ್ಳಿ. ಟಿವಿ ಹತ್ತಿರ ಇಡುವ ಆ ತೆಳ್ಳಗಿನ ಕಪ್ಪು ಪಟ್ಟಿಗೆ ಸೆನ್ಸರ್ ಬಾರ್ ಅಂತ ಹೆಸರು. ಆದರೆ ಅದರಲ್ಲಿ ಸೆನ್ಸರೇ ಇಲ್ಲ! ಎರಡು ತುದಿಗಳಲ್ಲಿ ಇನ್‌ಫ್ರಾರೆಡ್ ಬೆಳಕು ಬಿಡುವ ಪುಟ್ಟ ಎಲ್‌ಇಡಿಗಳಿವೆ, ಅಷ್ಟೇ. ವೀಗೆ ಹೋಗುವ ಅದರ ವೈರು ಬರೀ ಕರೆಂಟಿಗೆ. ಕ್ಯಾಮೆರಾ ಇರುವುದು ನಿಮ್ಮ ಕೈಯಲ್ಲಿರುವ ರಿಮೋಟಿನ ಮೂತಿಯಲ್ಲಿ. ಅದು ಆ ಎರಡು ಬೆಳಕನ್ನು ನೋಡಿ, ತಾನು ಎತ್ತ ತಿರುಗಿದ್ದೇನೆ ಅಂತ ಲೆಕ್ಕ ಹಾಕುತ್ತದೆ. ಕೈ ಬೀಸುವುದನ್ನು ಗುರುತಿಸುವುದು ಬೇರೆಯೇ ಭಾಗ. ರಿಮೋಟಿನೊಳಗಿನ ಆಕ್ಸಿಲರೋಮೀಟರ್ ಎಂಬ ಚಿಪ್ ಎಳೆತ, ಜರ್ಕು, ವಾಲಿಕೆಗಳನ್ನು ಅಳೆಯುತ್ತದೆ.

ಇದು ನಿಜವೋ ಅಂತ ನಾನೇ ನೋಡಿದೆ. ವೀಯಲ್ಲಿ ಟೆನಿಸ್ ಆಟ ಶುರುವಾದ ಮೇಲೆ ಸೆನ್ಸರ್ ಬಾರ್ ಮೇಲೆ ದಪ್ಪ ಟವೆಲ್ ಹೊದಿಸಿದೆ. ಆಟ ಏನೂ ಆಗದ ಹಾಗೆ ನಡೆಯಿತು. ಆಟ ಮುಗಿದು ಮೆನು ಬಂದಾಗ ಮಾತ್ರ, ರಿಮೋಟು ತೋರಿಸಿದ ಕಡೆ ಟಿವಿಯಲ್ಲಿ ಓಡಾಡುವ ಕೈಯಾಕಾರದ ಬಾಣ ಮಾಯ. ಇದು ಗೊತ್ತಿದ್ದರೆ ಅರ್ಧ ರಿಪೇರಿ ಆದ ಹಾಗೆ. ಬಾಣ ಹಾರಾಡುತ್ತಿದ್ದರೆ ಬೆಳಕಿನ ಕಡೆ ನೋಡಿ. ಬ್ಯಾಟು ಸರಿಯಾಗಿ ಬೀಸುತ್ತಿಲ್ಲವಾದರೆ ಸೆನ್ಸರ್ ಬಾರನ್ನು ಸುಮ್ನೆ ಅತ್ತಿತ್ತ ಸರಿಸಬೇಡಿ, ತಪ್ಪು ಕೈಯದು.

ಈಗ ಜೋಡಣೆ. ಸೆನ್ಸರ್ ಬಾರನ್ನು ಟಿವಿಯ ಮೇಲೆ ಅಥವಾ ಕೆಳಗೆ, ಸರಿಯಾಗಿ ನಡುವೆ ಇಡಿ. ಮೇಲೆ ಇಟ್ಟರೆ ವೀಯ ಸೆಟ್ಟಿಂಗ್‌ನಲ್ಲೂ 'ಮೇಲೆ' ಅಂತ ಹೇಳಬೇಕು. ನಾನು ಹೇಳಿರಲಿಲ್ಲ. ಒಂದು ವಾರ ನಾವೆಲ್ಲ ಗುರಿಗಿಂತ ಒಂದು ಗೇಣು ಆಚೆ ತೋರಿಸಿಕೊಂಡೇ ಬಟನ್ ಒತ್ತಿದೆವು. ಟಿವಿಯಿಂದ ಒಂದರಿಂದ ಮೂರು ಮೀಟರ್ ಒಳಗೆ ನಿಲ್ಲಿ. ನನ್ನ ಲೆಕ್ಕದಲ್ಲಿ ಎರಡು ಮೀಟರ್ ಚೆನ್ನ.

ಬಾಣ ನಡುಗಿದರೆ ಹೀಗೆ ಮಾಡಿ. ಮೊಬೈಲ್ ಕ್ಯಾಮೆರಾ ತೆರೆದು ಸೆನ್ಸರ್ ಬಾರಿನ ಕಡೆ ಹಿಡಿಯಿರಿ. ಕಣ್ಣಿಗೆ ಕಾಣದ ಆ ಬೆಳಕು ಫೋನಿನ ಪರದೆಯಲ್ಲಿ ನೇರಳೆ ಅಥವಾ ಬಿಳಿ ಚುಕ್ಕಿಗಳಾಗಿ ಕಾಣುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಎರಡರಲ್ಲೂ ಚುಕ್ಕಿಯೇ ಇಲ್ಲ ಅಂದರೆ ಬಾರೋ ವೈರೋ ಸತ್ತಿದೆ. ಚುಕ್ಕಿ ಇದ್ದೂ ನಡುಗುತ್ತಿದ್ದರೆ, ಸೆಟ್ಟಿಂಗ್‌ನಲ್ಲಿ ಸೆನ್ಸರ್ ಬಾರ್‌ನ ಸೆನ್ಸಿಟಿವಿಟಿ ಪುಟಕ್ಕೆ ಹೋಗಿ. ರಿಮೋಟಿಗೆ ಏನು ಕಾಣುತ್ತಿದೆಯೋ ಅದನ್ನೇ ಅಲ್ಲಿ ತೋರಿಸುತ್ತದೆ. ಎರಡೇ ಎರಡು ಚುಕ್ಕಿ ಇರಬೇಕು.

ನಮ್ಮ ಮನೆಯಲ್ಲಿ ಸಂಜೆ ನಾಲ್ಕೂವರೆಯಾದರೆ ಸಾಕು, ಮೂರನೆಯದೊಂದು ಕಾಣಿಸಿಕೊಳ್ಳುತ್ತಿತ್ತು. ಕಿಟಕಿಯಿಂದ ಬಂದ ಬಿಸಿಲು ಟಿವಿ ಪಕ್ಕದ ಗಾಜಿನ ಕಪಾಟಿಗೆ ಬಡಿದು ರಿಮೋಟಿನ ಕಣ್ಣಿಗೆ ಹೊಡೆಯುತ್ತಿತ್ತು. ಪರದೆ ಎಳೆದೆ, ಸರಿಹೋಯಿತು. ಬಿಸಿಲು, ಕನ್ನಡಿ, ಉರಿಯುವ ಮೇಣದಬತ್ತಿ, ಇವೆಲ್ಲ ಇದಕ್ಕೆ ಆಗುವುದಿಲ್ಲ. ಅದೇ ಕಾರಣಕ್ಕೆ, ಬಾರ್ ಕೆಟ್ಟಾಗ ಕತ್ತಲೆ ಕೋಣೆಯಲ್ಲಿ ಎರಡು ಮೇಣದಬತ್ತಿ ಸುಮಾರು 20 ಸೆಂಟಿಮೀಟರ್ ಅಂತರದಲ್ಲಿ ಹಚ್ಚಿಟ್ಟರೂ ಬಾಣ ಓಡಾಡುತ್ತದೆ. ನಾನು ಮಾಡಿ ನೋಡಿದ್ದೇನೆ. ಮೆನು ದಾಟಲು ಸಾಕು. ಆದರೆ ಬೆಂಕಿಯ ಮುಂದೆ ಯಾರೂ ಕೈ ಬೀಸಿ ಆಡಬೇಡಿ.

ಟಿವಿ ಬಗ್ಗೆ ಒಂದು ಮಾತು. ವೀಗೆ ಎಚ್‌ಡಿಎಂಐ ಇಲ್ಲ, ಚಿತ್ರವೂ ಹೆಚ್ಚೆಂದರೆ 480ಪಿ, ಅಂದರೆ 480 ಗೆರೆಗಳಷ್ಟೇ. ಜೊತೆಗೆ ಬರುವ ಹಳದಿ, ಬಿಳಿ, ಕೆಂಪು ಪಿನ್ನಿನ ಕೇಬಲ್‌ನಲ್ಲಿ ಅಷ್ಟೂ ಬರುವುದಿಲ್ಲ. ಅದಕ್ಕೆ ಐದು ಪಿನ್ನಿನ ಕಾಂಪೊನೆಂಟ್ ಕೇಬಲ್ ಬೇಕು. ಈಗಿನ ದೊಡ್ಡ ಟಿವಿಯಲ್ಲಿ ಚಿತ್ರ ಸ್ವಲ್ಪ ಮಬ್ಬಾಗೇ ಕಾಣುತ್ತದೆ, ನಾನಂತೂ ತಲೆ ಕೆಡಿಸಿಕೊಂಡಿಲ್ಲ. ಮಬ್ಬಿಗಿಂತ ದೊಡ್ಡ ಕಾಟ ಅಂದರೆ ತಡ. ಹಳೇ ಸಿಗ್ನಲನ್ನು ಹಿಗ್ಗಿಸಿ ಚಂದ ಮಾಡಲು ಟಿವಿ ಸಮಯ ತೆಗೆದುಕೊಳ್ಳುತ್ತದೆ. ನೀವು ಬೀಸುವಷ್ಟರಲ್ಲಿ ಟೆನಿಸ್ ಚೆಂಡು ದಾಟಿ ಹೋಗಿರುತ್ತದೆ. ಟಿವಿಯಲ್ಲಿ 'ಗೇಮ್ ಮೋಡ್' ಹಾಕಿ. ನನಗೆ ವಯಸ್ಸಾಯಿತು ಅಂದುಕೊಂಡಿದ್ದೆ, ಗೇಮ್ ಮೋಡ್ ಹಾಕಿದ ದಿನ ಹತ್ತು ವರ್ಷ ಇಳಿಯಿತು.

ಬೇರೆಯವರ ರಿಮೋಟು ನಿಮ್ಮ ವೀಗೆ ಹತ್ತದಿದ್ದರೆ ಹೆದರಬೇಡಿ. ವೀಯ ಮುಂಭಾಗದಲ್ಲಿ ಎಸ್‌ಡಿ ಕಾರ್ಡಿನ ಪುಟ್ಟ ಬಾಗಿಲಿದೆ, ಅದರೊಳಗೆ ಕೆಂಪು ಬಟನ್. ರಿಮೋಟಿನ ಬ್ಯಾಟರಿ ಮುಚ್ಚಳದೊಳಗೂ ಅಂಥದ್ದೇ ಒಂದು. ಮೊದಲು ರಿಮೋಟಿನದು, ತಕ್ಷಣ ವೀಯದು ಒತ್ತಿ. ನೀಲಿ ದೀಪ ಮಿನುಗುವುದು ನಿಂತು ಒಂದೇ ಉಳಿದರೆ ಆಯಿತು.

ಇನ್ನು ಮಣಿಕಟ್ಟಿನ ದಾರ. ಇದನ್ನು ಹಾಕಿಕೊಳ್ಳದೆ ಯಾರೂ ಆಡಬಾರದು. ನಮ್ಮ ಮನೆಯಲ್ಲಿ ಇದೊಂದಕ್ಕೆ ರಿಯಾಯಿತಿ ಇಲ್ಲ. 2006ರ ಡಿಸೆಂಬರಿನಲ್ಲಿ, ಯಂತ್ರ ಬಂದು ತಿಂಗಳಾಗುವುದರೊಳಗೆ, ನಿಂಟೆಂಡೊ ಸುಮಾರು 32 ಲಕ್ಷ ದಾರಗಳನ್ನು ದಪ್ಪ ದಾರಕ್ಕೆ ಬದಲಾಯಿಸಿಕೊಡಬೇಕಾಯಿತು. ಜನ ಅಷ್ಟು ಜೋರಾಗಿ ಬೀಸುತ್ತಿದ್ದರು! ಮುಂದಿನ ವರ್ಷ ರಿಮೋಟಿಗೆ ಸಿಲಿಕೋನ್ ಅಂಗಿಯೂ ಬಂತು. ಆದರೆ ದಾರ ರಿಮೋಟನ್ನು ಕಾಪಾಡುತ್ತದೆ, ನಿಮ್ಮನ್ನಲ್ಲ. ಮೊದಲ ರಾತ್ರಿಯೇ ನಾನು ಸರ್ವ್ ಮಾಡಲು ಕೈ ಎತ್ತಿ, ಬೆರಳ ಗಂಟನ್ನು ಕಪಾಟಿನ ಮೂಲೆಗೆ ಕೊಟ್ಟೆ. ಆಡುವ ಮೊದಲು ಎರಡೂ ಕೈ ಚಾಚಿ ಒಂದು ಸುತ್ತು ತಿರುಗಿ ನೋಡಿ. ಏನಾದರೂ ತಗುಲಿದರೆ ಸರಿಸಿ. ಚಿಕ್ಕ ಮಕ್ಕಳು ಹಿಂದೆ ನಿಲ್ಲುತ್ತಾರೆ, ಅದನ್ನೂ ನೋಡಿಕೊಳ್ಳಿ.

ವೀ ಸ್ಪೋರ್ಟ್ಸ್ ಡಿಸ್ಕಿನಲ್ಲಿ ಐದು ಆಟಗಳಿವೆ: ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್. ಹೊಸಬರಿಗೆ ಬೌಲಿಂಗ್‌ನಿಂದ ಶುರು ಮಾಡಿಸಿ. ಕೆಳಗಿನ 'ಬಿ' ಬಟನ್ ಒತ್ತಿ ಹಿಡಿದು, ಕೈ ಹಿಂದಕ್ಕೆ ಒಯ್ದು, ಮುಂದಕ್ಕೆ ತರುವಾಗ ಬಟನ್ ಬಿಡಬೇಕು. ರಿಮೋಟನ್ನೇ ಬಿಡಬಾರದು, ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಕೈ ಹಿಂದಿರುವಾಗಲೇ ಬಟನ್ ಬಿಟ್ಟರೆ ಚೆಂಡು ಹಿಂದಕ್ಕೆ ಹಾರಿ, ಅಲ್ಲಿ ನಿಂತವರೆಲ್ಲ ಬೆಚ್ಚಿಬೀಳುತ್ತಾರೆ. ನನ್ನ ಮಗಳು ಬೇಕಂತಲೇ ಹಾಗೆ ಮಾಡುತ್ತಾಳೆ. ಅವಳು ಎಡಗೈಯವಳು. ಆಟ ಶುರುವಾಗುವ ಮೊದಲು ನಿಮ್ಮ ಮೀ, ಅಂದರೆ ನಿಮ್ಮ ಗೊಂಬೆ, ಯಾವ ಕೈಯಲ್ಲಿ ಆಡಬೇಕು ಅಂತ ಬದಲಾಯಿಸಬಹುದು. ನಾವು ಅದನ್ನು ಗಮನಿಸಿದ್ದು ಎಷ್ಟೋ ದಿನದ ಮೇಲೆ. ಅಲ್ಲಿಯವರೆಗೆ ಅವಳ ಗೊಂಬೆ ಬಲಗೈಯಲ್ಲೇ ಒದ್ದಾಡುತ್ತಿತ್ತು, ಪಾಪ.

ಟೆನಿಸ್‌ನಲ್ಲಿ ಓಡುವ ಕೆಲಸ ಗೊಂಬೆಯದು, ಹೊತ್ತು ನೋಡಿ ಬೀಸುವುದಷ್ಟೇ ನಿಮ್ಮದು. ಬೇಗ ಬೀಸಿದರೆ ಚೆಂಡು ಒಂದು ಪಕ್ಕ, ತಡವಾದರೆ ಇನ್ನೊಂದು ಪಕ್ಕ. ಜೋರಾಗಿ ಬೀಸಬೇಕಿಲ್ಲ. ಅಣ್ಣ ಸೋಫಾದಲ್ಲಿ ಒರಗಿಕೊಂಡು ಮಣಿಕಟ್ಟು ಮಾತ್ರ ಚಟಕ್ಕನೆ ತಿರುಗಿಸಿ ನನ್ನನ್ನು ಸೋಲಿಸುತ್ತಾನೆ. ಚಿಪ್ಪಿಗೆ ಜರ್ಕು ಬಂದರೆ ಸಾಕು, ನೀವು ನಿಂತಿದ್ದೀರೋ ಮಲಗಿದ್ದೀರೋ ಅದಕ್ಕೆ ಗೊತ್ತಾಗುವುದಿಲ್ಲ. ಮೋಸ ಅಲ್ವಾ ಅಂತ ಕೇಳಿದರೆ ನಗುತ್ತಾನೆ. ನನಗೆ ಎದ್ದು ನಿಂತು ಸೋಲುವುದೇ ಇಷ್ಟ.

ಗಾಲ್ಫ್‌ನಲ್ಲಿ 'ಎ' ಒತ್ತದೆ ಬೀಸಿದರೆ ಅಭ್ಯಾಸ, ಒತ್ತಿ ಬೀಸಿದರೆ ಹೊಡೆತ. ಅತಿಯಾಗಿ ಬೀಸಿದರೆ ಚೆಂಡು ಅಡ್ಡ ಹೋಗುತ್ತದೆ, ಮೆಲ್ಲಗೆ ಆಡಿ. ಬಾಕ್ಸಿಂಗ್ ನನಗೆ ಹಿಡಿಸಲಿಲ್ಲ. ಇನ್ನೊಂದು ಕೈಗೆ ನನ್‌ಚಕ್ ಬೇಕು, ಗುದ್ದಿದ್ದರಲ್ಲಿ ಅರ್ಧ ಯಂತ್ರಕ್ಕೆ ತಿಳಿಯುವುದಿಲ್ಲ. ಸಿಟ್ಟಿನಿಂದ ಬಡಬಡ ಗುದ್ದುವುದಕ್ಕಿಂತ ಬಿಡಿಬಿಡಿಯಾಗಿ ಗುದ್ದಿದರೆ ಜಾಸ್ತಿ ಲೆಕ್ಕಕ್ಕೆ ಬರುತ್ತವೆ. ಬೇಸ್‌ಬಾಲ್ ಪರವಾಗಿಲ್ಲ.

ಕೈ ತಿರುಗಿಸಿದ ಹಾಗೇ ಕತ್ತಿ ತಿರುಗಬೇಕು ಅನ್ನುವ ಆಸೆಯಿದ್ದರೆ ಮೋಷನ್ ಪ್ಲಸ್ ಬೇಕು. 2009ರಲ್ಲಿ ಬಂದದ್ದು, ರಿಮೋಟಿನ ಬುಡಕ್ಕೆ ಸಿಕ್ಕಿಸುವ ಚಿಕ್ಕ ತುಂಡು. ಇದರಲ್ಲಿ ತಿರುಗುವಿಕೆಯನ್ನು ಅಳೆಯುವ ಜೈರೋ ಇದೆ. ಕತ್ತಿವರಸೆ ಇರುವ ವೀ ಸ್ಪೋರ್ಟ್ಸ್ ರಿಸಾರ್ಟ್ ಡಿಸ್ಕಿಗೆ ಇದು ಇರಲೇಬೇಕು. ರಿಮೋಟನ್ನು ಸಮತಟ್ಟಾದ ಜಾಗದಲ್ಲಿ ಮಗುಚಿ ಇಡಿ ಅಂತ ಆಟ ಕೇಳಿದಾಗ ನಿಜವಾಗಿಯೂ ಮೇಜಿನ ಮೇಲೆ ಇಡಿ. ತೊಡೆಯ ಮೇಲಿಟ್ಟು ಮುಗಿಸಿದರೆ ಆಮೇಲೆ ಕತ್ತಿ ತಾನೇ ವಾಲುತ್ತದೆ.

ಭುಜದ ಮಾತು ಹೇಳಬೇಕು. 2007ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 29 ವರ್ಷದ ಯುವ ವೈದ್ಯರೊಬ್ಬರ ಕಥೆ ಬಂತು. ಗಂಟೆಗಟ್ಟಲೆ ವೀ ಟೆನಿಸ್ ಆಡಿ ಭುಜದ ಸ್ನಾಯುರಜ್ಜು ನೋಯಿಸಿಕೊಂಡಿದ್ದರು. ನಿಜವಾದ ರಾಕೆಟ್ ಭಾರ ಇರುತ್ತದೆ, ಅದೇ ನಿಮ್ಮನ್ನು ತಡೆಯುತ್ತದೆ. ಇದು ಹಗುರ, ದಣಿವು ತಿಳಿಯುವುದೇ ಇಲ್ಲ. ಮಾರನೇ ದಿನ ಬಾಚಣಿಗೆ ಎತ್ತಲು ಹೋದಾಗ ತಿಳಿಯುತ್ತದೆ. ನಾವು ಅರ್ಧ ಗಂಟೆಗೊಮ್ಮೆ ರಿಮೋಟು ಇನ್ನೊಬ್ಬರಿಗೆ ದಾಟಿಸುತ್ತೇವೆ.

ಹೊಸ ಆಟ ಡೌನ್‌ಲೋಡ್ ಮಾಡಿಕೊಳ್ಳೋಣ ಅಂದುಕೊಳ್ಳಬೇಡಿ. ವೀ ಶಾಪ್ 2019ರ ಜನವರಿ 30ಕ್ಕೆ ಮುಚ್ಚಿತು, ನಿಂಟೆಂಡೊ ಆನ್‌ಲೈನ್ ಆಟಗಳ ಸೇವೆಯನ್ನು ನಿಲ್ಲಿಸಿದ್ದು 2014ರಲ್ಲೇ. ಈಗ ಡಿಸ್ಕೇ ಗತಿ. ಕೊಳ್ಳುವ ಮುನ್ನ ನಿಮ್ಮ ವೀ ಯಾವ ಪ್ರದೇಶದ್ದು (ಅಮೆರಿಕ, ಯುರೋಪ್, ಜಪಾನ್ ಹೀಗೆ) ನೋಡಿ, ಬೇರೆ ಪ್ರದೇಶದ ಡಿಸ್ಕ್ ಓಡುವುದಿಲ್ಲ. ನಮ್ಮದರ ತಲೆಯ ಮೇಲಿನ ಮುಚ್ಚಳದಡಿ ಗೇಮ್‌ಕ್ಯೂಬ್‌ನ, ಅಂದರೆ ವೀಗಿಂತ ಹಿಂದಿನ ನಿಂಟೆಂಡೊ ಯಂತ್ರದ, ಕಂಟ್ರೋಲರ್ ಸಿಕ್ಕಿಸುವ ನಾಲ್ಕು ಕಿಂಡಿಗಳಿವೆ. ನಂತರ ಬಂದ ಮಾದರಿಗಳಲ್ಲಿ ಅವನ್ನು ತೆಗೆದುಬಿಟ್ಟರು. ನಿಮ್ಮದರಲ್ಲಿ ಇದ್ದರೆ ಗೇಮ್‌ಕ್ಯೂಬ್ ಡಿಸ್ಕ್‌ಗಳೂ ನಡೆಯುತ್ತವೆ, ಅದೊಂದು ಲಾಭ.

ಕೊನೆಗೆ ಸೆಲ್ಲು. ಒಂದೊಂದು ರಿಮೋಟಿಗೆ ಎರಡು ಎಎ ಸೆಲ್ ಬೇಕು. ರೀಚಾರ್ಜ್ ಮಾಡುವಂಥವನ್ನೇ ಇಟ್ಟುಕೊಳ್ಳಿ, ಬಾಣ ತೋರಿಸುವ ಆಟಗಳು ಸೆಲ್ ಬೇಗ ಕುಡಿಯುತ್ತವೆ. ಆಡದೆ ಬಹಳ ದಿನ ಇಡುವುದಾದರೆ ಸೆಲ್ ತೆಗೆದಿಡಿ. ಅಣ್ಣ ತೆಗೆದಿರಲಿಲ್ಲ. ನಾಲ್ಕನೇ ರಿಮೋಟಿನ ಒಳಗೆ ಸೆಲ್ ಸೋರಿ, ಸ್ಪ್ರಿಂಗಿನ ಮೇಲೆಲ್ಲ ಬಿಳಿ ಪುಡಿ ಕಟ್ಟಿತ್ತು. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ವಿನೆಗರ್‌ನಲ್ಲಿ ತುಸುವೇ ಅದ್ದಿ ಒರೆಸಿದೆ, ಒಣಗಲು ಒಂದು ದಿನ ಬಿಟ್ಟೆ. ಈಗ ಅದೂ ಓಡುತ್ತದೆ. ಸ್ಪೀಕರ್ ಮಾತ್ರ ಗೊರಗೊರ ಅನ್ನುತ್ತದೆ, ಅದಕ್ಕೇ ಅದನ್ನು ಅಣ್ಣ ಬಂದಾಗ ಅವನಿಗೇ ಕೊಡುತ್ತೇವೆ.