ಹಣಕಾಸು ಬಿಕ್ಕಟ್ಟಿನ ಸುದ್ದಿಯನ್ನು ಓದುವುದು ಹೇಗೆ?

ದೊಡ್ಡ ಬ್ಯಾಂಕೊಂದು ಮುಳುಗಿದಾಗ ಎಲ್ಲೆಲ್ಲೂ ದುರಾಸೆಯದೇ ಮಾತು. ದುರಾಸೆ ಇಲ್ಲ ಅಂತಲ್ಲ. ಆದರೆ ಅಷ್ಟಕ್ಕೇ ನಿಂತರೆ, ಇಷ್ಟೆಲ್ಲ ಆದರೂ ಈ ವ್ಯವಸ್ಥೆ ಹೇಗೆ ಉಳಿಯುತ್ತದೆ ಅನ್ನೋದು ತಿಳಿಯುವುದಿಲ್ಲ. ಲೆಕ್ಕಪತ್ರ ನೋಡುವುದು ನನ್ನ ಕಸುಬು. ನಾನು ಓದುವ ಕ್ರಮ ಇದು.

ಮೊದಲು ಬ್ಯಾಂಕಿನ ವಾರ್ಷಿಕ ವರದಿಯಲ್ಲಿ ಬ್ಯಾಲೆನ್ಸ್ ಶೀಟ್, ಅಂದರೆ ಆಸ್ತಿ-ಸಾಲಗಳ ಪಟ್ಟಿ ತೆರೆಯಿರಿ. ಒಟ್ಟು ಆಸ್ತಿಯನ್ನು ಸ್ವಂತ ಬಂಡವಾಳದಿಂದ ಭಾಗಿಸಿ. 2007ರ ಕೊನೆಗೆ ಅಮೆರಿಕದ ಹೂಡಿಕೆ ಬ್ಯಾಂಕ್ ಲೆಹ್ಮನ್ ಬ್ರದರ್ಸ್‌ನಲ್ಲಿ ಈ ಲೆಕ್ಕ ಸುಮಾರು 30 ಬರುತ್ತಿತ್ತು. ಅಂದರೆ 30 ಡಾಲರ್ ಆಸ್ತಿಯಲ್ಲಿ 1 ಡಾಲರ್ ಸ್ವಂತದ್ದು, ಉಳಿದ 29 ಸಾಲ. ಆಸ್ತಿಯ ಬೆಲೆ ನೂರಕ್ಕೆ ನಾಲ್ಕು ಇಳಿದರೆ ಸಾಕು, ಸ್ವಂತದ್ದೆಲ್ಲ ಖಾಲಿ. ಅಷ್ಟೇ ಏರಿದರೆ? ಬಡ್ಡಿ ಕಳೆಯುವ ಮುನ್ನ, ಹಾಕಿದ ದುಡ್ಡು ದುಪ್ಪಟ್ಟಿಗಿಂತ ಜಾಸ್ತಿ. ಆಮಿಷ ಲೆಕ್ಕದೊಳಗೇ ಇದೆ, ಅಲ್ವಾ? ಒಳ್ಳೆಯವರನ್ನು ಕುರ್ಚಿಯಲ್ಲಿ ಕೂರಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ.

ಆ ಸಾಲ ಎಷ್ಟು ದಿನದ್ದು ಅಂತಲೂ ನೋಡಿ. ಬಾಂಡುಗಳನ್ನು ಒತ್ತೆಯಿಟ್ಟು ತಂದ, ಬೆಳಗಾದರೆ ತೀರಿಸಬೇಕಾದ ರೆಪೋ ಸಾಲ ಜಾಸ್ತಿ ಇದ್ದರೆ, ಕೊಡುವವರು ಒಂದು ದಿನ ಕೈ ಎತ್ತಿದರೂ ಮುಗಿಯಿತು.

ಇನ್ನು ನಷ್ಟ ಯಾರ ತಲೆಗೆ ಬಂತು ಅಂತ ಹುಡುಕಿ. ಇಲ್ಲಿ ಅವಸರ ಬೇಡ. 2008ರ ಸೆಪ್ಟೆಂಬರ್ 15ರಂದು ಲೆಹ್ಮನ್ ದಿವಾಳಿ ಅರ್ಜಿ ಹಾಕಿತು. ಮರುದಿನವೇ ಅಮೆರಿಕದ ಕೇಂದ್ರೀಯ ಬ್ಯಾಂಕ್ ಫೆಡರಲ್ ರಿಸರ್ವ್, ವಿಮಾ ಕಂಪನಿ ಎಐಜಿಗೆ 8,500 ಕೋಟಿ ಡಾಲರ್ ಸಾಲ ಘೋಷಿಸಿತು. ಎಐಜಿಯಿಂದ ಬಾಕಿ ಬರಬೇಕಿದ್ದ ದೊಡ್ಡ ಬ್ಯಾಂಕುಗಳಿಗೆ ಕಡಿತವಿಲ್ಲದೆ ಪೂರ್ತಿ ದುಡ್ಡು ಹೋಯಿತು. ಗೋಲ್ಡ್‌ಮನ್ ಸ್ಯಾಕ್ಸ್ ಒಂದಕ್ಕೇ ಸುಮಾರು 1,290 ಕೋಟಿ ಡಾಲರ್. ಸರ್ಕಾರ ಹಾಕಿದ ಹಣ ಮುಂದೆ ಲಾಭ ಸಮೇತ ವಾಪಸ್ ಬಂತು, ನಿಜ. ಆದರೆ ಅದೇ ಬಿಕ್ಕಟ್ಟಿನಲ್ಲಿ ಗೃಹಸಾಲದ ಕಂತು ಕಟ್ಟಲಾಗದೆ ಮನೆ ಕಳೆದುಕೊಂಡವರಿಗೆ ಹೀಗೆ ಪೂರ್ತಿ ತುಂಬಿಕೊಟ್ಟವರಿಲ್ಲ. ಇದನ್ನು ಓದುವಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಕೊಟ್ಟ ದುಡ್ಡು ಹೇಗೂ ಬರುತ್ತದೆ ಅಂತ ಗೊತ್ತಿದ್ದರೆ ಮುಂದಿನ ಸಲ ಸಾಲ ಕೊಡಲು ಯಾರು ಹಿಂಜರಿಯುತ್ತಾರೆ? ವ್ಯವಸ್ಥೆ ಉಳಿಯುವುದು ಹೀಗೆ.

ಗಲಾಟೆ ತಣ್ಣಗಾದ ಮೇಲೆ ನಿಯಮಗಳು ಏನಾದವು ಅಂತ ನೋಡುವುದನ್ನು ಬಹಳ ಮಂದಿ ಬಿಟ್ಟೇಬಿಡುತ್ತಾರೆ. ಈ ಬಿಕ್ಕಟ್ಟಿನ ನಂತರ ಅಮೆರಿಕ ತಂದ 2010ರ ಡಾಡ್-ಫ್ರಾಂಕ್ ಕಾನೂನು 5,000 ಕೋಟಿ ಡಾಲರ್ ಆಸ್ತಿ ದಾಟಿದ ಬ್ಯಾಂಕುಗಳ ಮೇಲೆ ಬಿಗಿ ನಿಗಾ ಇಟ್ಟಿತ್ತು. 2018ರಲ್ಲಿ ಆ ಗೆರೆಯನ್ನು 25,000 ಕೋಟಿಗೆ ಏರಿಸಿದರು. ಸಿಲಿಕಾನ್ ವ್ಯಾಲಿ ಬ್ಯಾಂಕಿನ ಆಸ್ತಿ ಸುಮಾರು 21,000 ಕೋಟಿ. 2023ರ ಮಾರ್ಚ್‌ನಲ್ಲಿ ಅದು ಮುಳುಗಿತು. ಠೇವಣಿ ವಿಮೆಯ ಮಿತಿ 2,50,000 ಡಾಲರ್ ಇದ್ದರೂ ಅದಕ್ಕಿಂತ ಜಾಸ್ತಿ ಇಟ್ಟವರಿಗೂ ಪೂರ್ತಿ ಹಣ ಸಿಕ್ಕಿತು.

ಹಾಗಾಗಿ ಇಂಥ ತಿದ್ದುಪಡಿ ಬಂದಾಗ ಹಳೆ ಗೆರೆ, ಹೊಸ ಗೆರೆಗಳ ನಡುವೆ ಯಾವ ಬ್ಯಾಂಕುಗಳಿವೆ ಅಂತ ಪಟ್ಟಿ ಮಾಡಿ. ಅವುಗಳ ವರದಿಯನ್ನು ಆಗಲೇ ಓದಿ, ಮುಳುಗುವವರೆಗೆ ಕಾಯಬೇಡಿ.